ಯಾವ ಆಯ್ತು?

ಆನೇಮಹಲ್‌ನ ನಮ್ಮ ಆಫೀಸಿನಲ್ಲಿ ಕರೆಂಟ್ ಹೋಗಿ ಕಂಪ್ಯೂಟರ್‌ಗಳೆಲ್ಲ ಆರಿದಾಗ, ಜರ್ಮನಿಯಿಂದ ಬಂದಿದ್ದ ಮೇಡಂಗೆ ಗಾಬರಿಯೇ ಆಗಲಿಲ್ಲ. “ಜನರೇಟರ್ ಹಾಕಿಸಿ” ಎಂದರು. ನಮ್ಮಲ್ಲಿ ಜನರೇಟರೇ ಇರಲಿಲ್ಲ! ಇನ್ನರ್ಧ ಗಂಟೆಯಲ್ಲಿ ಜರ್ಮನಿಯಲ್ಲಿದ್ದ ಅವರ ಕಂಪನಿಯವರಿಗೆ ನಾವು ಮಾಡಿದ ಸಾಫ್ಟ್‌ವೇರನ್ನು ಆನ್‌ಲೈನಿನಲ್ಲಿ ತೋರಿಸಬೇಕಿತ್ತು.

ಇಲ್ಲಿ ನಮ್ಮ ತಂಡವನ್ನು ಮೇಡಂಗೆ ಕಟ್ಟಿಕೊಟ್ಟ ಪಾಲುದಾರರು ಎಸ್ಟೇಟಿನ ಗೌಡರು. ಕಾಫಿ ಮೂಟೆ ಇಡುವ ತಮ್ಮ ಸ್ಟೋರನ್ನೇ ಆಫೀಸು ಮಾಡಿಸಿದ್ದರು. ಮೇಡಂ ಗೌಡರತ್ತ ತಿರುಗಿ ಇಂಗ್ಲಿಷಿನಲ್ಲಿ, “ನಿನ್ನೆ ಜನರೇಟರ್ ಕೇಳಿದಾಗ ‘ಆಯ್ತು’ ಅಂದಿರಿ” ಎಂದರು. ಕೆಲಸ ಮುಗಿದರೆ ‘ಆಯ್ತು’ ಅನ್ನುತ್ತಾರೆಂದು ನಮ್ಮಿಂದಲೇ ಕಲಿತಿದ್ದರು.

ಗೌಡರು ನನ್ನ ಮುಖ ನೋಡಿದರು. “ಆಯ್ತು ಅಂದ್ರೆ ತರಿಸ್ತೀನಿ ಅಂತ ಕಣೋ ಮಾರಾಯ. ಬಂದೈತೆ ಅಂತ ಯಾವನು ಹೇಳ್ದ?”

ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮೇಡಂ ನಗಲಿಲ್ಲ, ಬೈಯಲೂ ಇಲ್ಲ. ಕರೆಂಟ್ ಬರುವಷ್ಟರಲ್ಲಿ ಸಾಫ್ಟ್‌ವೇರ್ ತೋರಿಸುವ ಸಮಯ ಮೀರಿತ್ತು. ಸಂಜೆ ಅವರು ಕಾರು ಹತ್ತಿದಾಗ ತಡೆಯಲಾರದೆ, “ಮುಂದಿನ ಕೆಲಸವೂ ನಮಗೇ ಕೊಡ್ತೀರಲ್ಲ?” ಎಂದು ಕೇಳಿಬಿಟ್ಟೆ. ಅವರು ಕಾರಿನ ಗಾಜು ಇಳಿಸಿ, “ಆಯ್ತು” ಎಂದರು.

ಒಪ್ಪಿದರೋ, ನಮ್ಮ ಕಥೆ ಮುಗಿಯಿತು ಎಂದರೋ? ಅವರ ಮೇಲ್ ಬರುವವರೆಗೆ ಯಾರಿಗೂ ನಿದ್ದೆ ಬರಲಿಲ್ಲ. ಕೊನೆಗೆ ಕೆಲಸವೇನೋ ನಮಗೇ ಸಿಕ್ಕಿತು. ಈಗಲೂ ಯಾರಾದರೂ ‘ಆಯ್ತು’ ಅಂದರೆ, ‘ಯಾವ ಆಯ್ತು?’ ಎಂದು ಕೇಳದೆ ನಾನು ಫೋನ್ ಇಡುವುದಿಲ್ಲ.