ಹೊಸ್ತಿಲು ದಾಟದ ತಪಾಸಣೆ

ಗೆದ್ದಲು ಹಿಡಿದ ಅಡುಗೆಮನೆ ಬಾಗಿಲನ್ನು ಬಡಗಿ ಕಳೆದ ವಾರ ಕಳಚಿ ಹಜಾರದ ಗೋಡೆಗೆ ಒರಗಿಸಿದ. ಬಾಗಿಲಿನ ಹಿಂಬದಿ ಈಚೆಗಾಯಿತು. ಅಲ್ಲಿ ಮೇಲಿಂದ ಕೆಳಗಿನವರೆಗೆ ಪೆನ್ಸಿಲಿನಲ್ಲಿ ಬರೆದ ತಾರೀಖುಗಳು. ಗ್ಯಾಸ್ ಸಿಲಿಂಡರ್ ಬಂದ ದಿನಗಳನ್ನು ನನ್ನ ಹೆಂಡತಿ ವರ್ಷಗಟ್ಟಲೆ ಅಲ್ಲಿ ಬರೆದಿಟ್ಟಿದ್ದಳು. ನಾನು ಕಾಫಿ ಲೋಟ ಹಿಡಿದು ಅಲ್ಲೇ ನಿಂತೆ.

“ಅದ್ಯಾಕ್ರೀ ಹಂಗ್ ನಿಂತ್ಬಿಟ್ರಿ? ಗ್ಯಾಸ್ ಬಂದ ಡೇಟು ಕಣ್ರೀ ಅದು, ಲಾಟ್ರಿ ನಂಬರಲ್ಲ” ಅಂದಳು.

ನನಗೆ ಕಂಡಿದ್ದು ಬೇರೆ ಬಾಗಿಲು. ಅದರ ಹಿಂದೆ ಇದ್ದಿಲಿನಲ್ಲಿ ಬರೆದ ತಾರೀಖುಗಳಿದ್ದವು... ಬರೆದವರು ಒಬ್ಬ ನರ್ಸಮ್ಮ.

ತೊಂಬತ್ತರ ದಶಕದ ಕೊನೆಯ ಮಾತು. ಗುಬ್ಬಿ ತಾಲ್ಲೂಕಿನಲ್ಲಿ ನಾನು ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದೆ. ಕ್ಯಾತ್ಸಂದ್ರದ ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು ಬೆಳೆದವನು. ನೌಕರಿಯಲ್ಲೂ ಅದೇ ಅಭ್ಯಾಸ. ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿರುತ್ತಿದ್ದೆ. ಕೆಲಸದ ಮೇಲಿದ್ದಾಗ ಯಾರ ಮನೆಯ ಹೊಸ್ತಿಲನ್ನೂ ದಾಟುತ್ತಿರಲಿಲ್ಲ, ಯಾರ ಮನೆಯ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಇದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ನರ್ಸಮ್ಮ ಕುಣಿಗಲ್ ಕಡೆಯವರು. ನನ್ನ ಸುಪರ್ದಿಯ ಒಂದು ಊರಿನ ಆರೋಗ್ಯ ಉಪಕೇಂದ್ರದ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಪುಟ್ಟ ಮಗಳೊಂದಿಗೆ ಇದ್ದರು. ಕುಳ್ಳಗೆ, ಚುರುಕಾಗಿ, ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಡೆಯುತ್ತಿದ್ದರು. ಕ್ಲೋರಿನ್ ಮಾತ್ರೆ ಹಾಕಿದರೆ ನೀರು ವಾಸನೆ ಬರುತ್ತದೆಂದು ಗೊಣಗಿದ ಒಬ್ಬ ಗಂಡಸಿಗೆ, “ನಿನ್ ಬೀಡಿ ವಾಸ್ನೆ ನಿನ್ನೆಂಡ್ತಿ ಎಷ್ಟ್ ವರ್ಷದಿಂದ ತಡ್ಕೊಂಡವ್ಳೆ, ಅವ್ಳನ್ನ ಕೇಳು ಮೊದ್ಲು” ಎಂದಿದ್ದನ್ನು ನಾನೇ ಕೇಳಿದ್ದೇನೆ. ಅವನು ಮಾತ್ರೆ ಹಾಕಿಸಿಕೊಂಡ.

ಆ ಬೇಸಿಗೆಯಲ್ಲಿ ಊರಿನ ಕುಡಿಯುವ ನೀರಿನ ಪೈಪು ಚರಂಡಿಯೊಳಗೆ ಒಡೆದು ವಾಂತಿಭೇದಿ ಹರಡಿತು. ತುಮಕೂರಿನಿಂದ ಆದೇಶ ಬಂತು. ನರ್ಸಮ್ಮ ದಿನಕ್ಕೊಮ್ಮೆ ಪ್ರತಿ ಮನೆಗೂ ಹೋಗಿ ವಿಚಾರಿಸಬೇಕು, ಓಆರ್‌ಎಸ್ ಪೊಟ್ಟಣ ಕೊಡಬೇಕು. ಬೀದಿಗೆ ಕಾಣುವಂತೆ ಬಾಗಿಲ ಚೌಕಟ್ಟಿನ ಮೇಲೆ ಕೆಮ್ಮಣ್ಣಿನಲ್ಲಿ ಆ ದಿನದ ತಾರೀಖು ಬರೆಯಬೇಕು. ಮನೆಯಲ್ಲಿ ರೋಗಿ ಇದ್ದರೆ ತಾರೀಖಿನ ಸುತ್ತ ಗೆರೆ ಎಳೆದು ಒಂದು ಸುತ್ತು ಹಾಕಬೇಕು. ನನ್ನ ಕೆಲಸ ರೋಗಿಗಳನ್ನು ನೋಡುವುದಲ್ಲ, ನೋಡುವವರನ್ನು ನೋಡುವುದು. ಪ್ರತಿ ಮಧ್ಯಾಹ್ನ ನನಗೆ ತೋಚಿದ ಹತ್ತು ಮನೆಗಳ ಗುರುತು ಪರೀಕ್ಷಿಸಿ, ಸಂಜೆ ಐದರೊಳಗೆ ಎಷ್ಟು ಮನೆಗೆ ಭೇಟಿಯಾಗಿದೆ, ಎಷ್ಟು ಸುತ್ತು ಇವೆ ಎಂದು ಫೋನಿನಲ್ಲಿ ವರದಿ ಕೊಡುತ್ತಿದ್ದೆ.

ಮೊದಲ ಎರಡು ದಿನ ಎಲ್ಲ ಸರಿಯಿತ್ತು. ಮೂರನೆಯ ದಿನ ಬೇರೆ ಊರಿನ ಟ್ಯಾಂಕರ್ ಕೆಲಸದಿಂದ ಬರಲಾಗಲಿಲ್ಲ. ನಾಲ್ಕನೆಯ ದಿನ ಬಂದು ನೋಡಿದರೆ ಹತ್ತು ಮನೆಗಳಲ್ಲಿ ಒಂದರ ಮೇಲೂ ಹೊಸ ತಾರೀಖಿಲ್ಲ. ಹಳೆಯ ಗುರುತುಗಳನ್ನು ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ್ದರು. ನರ್ಸಮ್ಮನನ್ನು ಕರೆಸಿದೆ. ಅವರು ಬಂದಾಗ ನಾನು ಹಾಲಿನ ಡೈರಿಯ ಮುಂದೆ ನಿಂತಿದ್ದೆ. ಡೈರಿ ಸೆಕ್ರೆಟರಿ ಕ್ಯಾನಿಗೆ ಒರಗಿ ನಿಂತಿದ್ದ, ಸುತ್ತ ಹತ್ತು ಹದಿನೈದು ಜನ.

“ಏನಮ್ಮಾ, ಗುರುತೆಲ್ಲಿ?” ಎಂದೆ.

ಅವರು ದನಿ ತಗ್ಗಿಸಿ, “ಮನೆ ಒಳಕ್ ಬಂದ್ ನೋಡಿ ಸಾರ್” ಅಂದರು.

“ಡ್ಯೂಟಿ ಮೇಲೆ ನಾನು ಯಾರ ಮನೆ ಒಳಕ್ಕೂ ಹೋಗಲ್ಲ. ನಿಮಗೆ ಗೊತ್ತಿಲ್ವಾ?”

ಅವರು ಸೆಕ್ರೆಟರಿಯತ್ತ ನೋಡಿದರು. ಮತ್ತೆ ನನ್ನತ್ತ. “ಒಂದೇ ನಿಮಿಷ ಸಾರ್, ಒಳಕ್ಕೆ...”

“ಕಾಫಿ ಬೇಡಮ್ಮ” ಅಂದೆ. ಜನ ನಕ್ಕರು. ಅವರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟುಹೋದರು.

ಸಂಜೆ ಐದಕ್ಕೆ ಐದು ನಿಮಿಷವಿರುವಾಗ ವರದಿ ಕೊಟ್ಟೆ. ಹತ್ತರಲ್ಲಿ ಸೊನ್ನೆ. ಮರುದಿನವೇ ಅವರನ್ನು ಕುಣಿಗಲ್ ತಾಲ್ಲೂಕಿಗೆ ಹಾಕಿದರು, ಜೊತೆಗೆ ಕಾರಣ ಕೇಳಿ ಒಂದು ನೋಟಿಸು. ಬಸ್ ನಿಲ್ದಾಣದಲ್ಲಿ ಟ್ರಂಕಿನ ಮೇಲೆ ಮಗಳನ್ನು ಕೂರಿಸಿಕೊಂಡು ನಿಂತಿದ್ದವರು ನನ್ನನ್ನು ಕಂಡು ಹತ್ತಿರ ಬಂದರು. ಜಗಳ ಆಡುತ್ತಾರೆಂದುಕೊಂಡೆ. “ಕೆರೆ ಬೀದಿ ಕೊನೇ ಮನೆ ಕೂಸಿಗೆ ಇನ್ನೆರಡು ದಿನ ಓಆರ್‌ಎಸ್ ಬೇಕು ಸಾರ್. ಅದ್ರ ತಾಯೀನೂ ಒಂಚೂರು ನೋಡ್ಕೊಳಕ್ ಹೇಳಿ” ಅಂದರು. ಹೊಸಬರು ನೋಡಿಕೊಳ್ಳುತ್ತಾರೆ ಎಂದೆ.

ಹೊಸಬ ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಎಲ್ಲ ಚೌಕಟ್ಟುಗಳ ಮೇಲೂ ಮುದ್ದಾದ ಅಂಕಿಗಳು. ನಾಲ್ಕು ದಿನ ಹತ್ತಕ್ಕೆ ಹತ್ತು. ಇಡೀ ಊರಿನಲ್ಲಿ ಒಂದೇ ಒಂದು ಸುತ್ತು ಇರಲಿಲ್ಲ. ಹತೋಟಿಗೆ ಬಂದಿದೆ ಎಂದು ವರದಿ ಕೊಟ್ಟೆ. ಆ ಕಡೆಯಿಂದ ಶಹಬ್ಬಾಸ್ ಅಂದರು.

ಹೊಸಬ ಬಂದ ಐದನೆಯ ದಿನ ಕೆರೆ ಬೀದಿಯ ಕೊನೆ ಮನೆಯ ಸೊಸೆ ಸತ್ತಳು. ಕೂಸಿನ ತಾಯಿ. ಹಾಲಿನ ಟೆಂಪೋದಲ್ಲಿ ಗುಬ್ಬಿ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ ಹೋದಳು. ಎರಡು ದಿನದಿಂದ ಕಾಯಿಲೆಯಿತ್ತಂತೆ, ಮನೆಯವರು ಮುಚ್ಚಿಟ್ಟಿದ್ದರು. ಚೌಕಟ್ಟಿನ ಮೇಲೆ ಆ ಬೆಳಗಿನ ತಾರೀಖು ಇನ್ನೂ ಹಸಿಯಾಗಿತ್ತು.

ಸಾವಿನ ವಿಚಾರಣೆ ಬೀದಿಯಲ್ಲಿ ನಿಂತು ಮಾಡುವಂಥದ್ದಲ್ಲ. ಆವತ್ತು ಒಳಗೆ ಹೋದೆ. ಸತ್ತವಳ ಅತ್ತೆ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡೇ, ನನಗೆ ಚಾಪೆ ಹಾಸಲು ಬಾಗಿಲನ್ನು ಈಚೆಗೆ ಎಳೆದಳು. ಚಾಪೆ ಇದ್ದಿದ್ದು ಬಾಗಿಲ ಹಿಂದೆ. ತಾರೀಖುಗಳೂ ಅಲ್ಲೇ ಇದ್ದವು. ಇದ್ದಿಲಿನಲ್ಲಿ, ನರ್ಸಮ್ಮನ ಕೈಬರಹದಲ್ಲಿ. ನಾನು ಸೊನ್ನೆ ಎಂದು ವರದಿ ಕೊಟ್ಟ ದಿನದ ತಾರೀಖೂ ಇತ್ತು, ಅದರ ಸುತ್ತ ಸುತ್ತೂ ಇತ್ತು. ಅಲ್ಲಿಗೆ ಬರಹ ಮುಗಿದಿತ್ತು.

ಇದು ಯಾಕೆ ಇಲ್ಲಿ ಎಂದು ಕೇಳಿದೆ.

“ಮೊದ್ಲು ಈಚೇನೆ ಬರೆಯೋರು ಸಾಮಿ. ಕೆಂಪ್ ಸುತ್ತು ನೋಡಿ ಡೈರಿಯೋರು ಹಾಲು ಬ್ಯಾಡ ಅಂದ್ಬುಟ್ರು. ಬೋರ್‌ವೆಲ್ ತಾವ ಬಿಂದ್ಗೆ ಇಕ್ಕಕ್ ಬುಡ್ಲಿಲ್ಲ. ಎಲ್ರೂ ಒರೆಸಾಕ್ಬುಟ್ಟು, ನಮ್ಮನೇಲಿ ಯಾರ್ಗೂ ಏನೂ ಇಲ್ಲ ಅಂದ್ರು. ಅದ್ಕೆ ಆವಮ್ಮ, ಒಳ್ಗೆ ಬರ್ಕಂತೀನಿ, ಯಾರ್ಗೂ ಹೇಳಾಕಿಲ್ಲ, ನನ್ ತಾವ ಮಾತ್ರ ಮುಚ್ಬ್ಯಾಡಿ ಅಂದ್ಲು.”

“ಹೊಸಬರಿಗೆ ಯಾಕೆ ಹೇಳಲಿಲ್ಲಮ್ಮ?”

“ಆವಯ್ಯ ಬಾಗ್ಲಾಗೇ ನಿಂತು, ಯಾರ್ಗಾನ ಐತಾ ಅಂತ ಬೀದಿಗೆಲ್ಲ ಕೇಳಂಗೆ ಕೂಗ್ತವ್ನೆ. ಏನಂತ ಹೇಳಾನ?”

ಕೂಸು ನನ್ನ ಜೇಬಿನ ಪೆನ್ನಿಗೆ ಕೈ ಚಾಚಿತು. ಅದು ಬದುಕಿತ್ತು. ಅದನ್ನು ಉಳಿಸಿದ್ದು ಬಾಗಿಲ ಹಿಂದಿನ ಆ ಸುತ್ತುಗಳು.

ಅಲ್ಲಿಂದ ಎದ್ದು, ಸೊನ್ನೆ ಎಂದು ವರದಿ ಕೊಟ್ಟಿದ್ದ ಹತ್ತು ಮನೆಗಳಿಗೂ ಹೋದೆ. ಪ್ರತಿ ಬಾಗಿಲಲ್ಲೂ ಚಪ್ಪಲಿ ಬಿಟ್ಟು, ಒಳಗೆ ಬರಲೇ ಎಂದು ಕೇಳಿ, ಕದದ ಹಿಂದೆ ನೋಡಿದೆ. ಹತ್ತಕ್ಕೆ ಹತ್ತು. ನಾನು ಬಾರದೆ ಇದ್ದ ಮೂರನೆಯ ದಿನವೂ ಅವರು ಬಂದಿದ್ದರು.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ನೋಟಿಸು ರದ್ದು ಮಾಡಬೇಕೆಂದು ಕೇಳಿ ನನ್ನ ಮೇಲಿನ ವೈದ್ಯಾಧಿಕಾರಿಗೆ ಕೊಟ್ಟೆ. ಅವರು ಓದಿ, ನಾಲ್ಕಾಗಿ ಮಡಿಚಿ, ವಾಪಸು ಕೊಟ್ಟರು. “ಎಲ್ಲಾ ಮುಗೀತಾ ಬಂತಲ್ರೀ. ಇದು ಮೇಲಕ್ಕೆ ಹೋದ್ರೆ ನಿಮ್ಮ ವರದೀನೂ ಸುಳ್ಳು, ನಂದೂ ಸುಳ್ಳು” ಅಂದರು. ಹಾಳೆಯನ್ನು ಬ್ಯಾಗಿಗೆ ಹಾಕಿಕೊಂಡೆ. ಮತ್ತೆ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದರೆ... ಉತ್ತರ ಗೊತ್ತಿದೆ, ಬರೆಯಲು ನಾಚಿಕೆ.

ಆರೇಳು ತಿಂಗಳ ಮೇಲೆ ಒಂದು ರಜೆಯ ದಿನ ಕುಣಿಗಲ್ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು. ನರ್ಸಮ್ಮ ಉಪಕೇಂದ್ರದ ಜಗಲಿಯಲ್ಲಿ ಮಗುವೊಂದರ ತೂಕ ನೋಡುತ್ತಿದ್ದರು. “ಕೂತ್ಕೊಳಿ ಸಾರ್” ಎಂದು ಕುರ್ಚಿ ಎಳೆದರು. ಒಳಗಿಂದ ಕಾಫಿ ತಂದುಕೊಟ್ಟರು. ಕುಡಿದೆ.

“ಕೊನೇ ಮನೆ ಹುಡ್ಗಿ ಹೋದ್ಲಂತಲ್ಲ ಸಾರ್” ಅಂದರು. ತೂಕದ ಪಟ್ಟಿಯಿಂದ ತಲೆ ಎತ್ತಲಿಲ್ಲ. “ನಂದೇ ತಪ್ಪು. ಅವತ್ತು ಡೈರಿಯೋರು ಇದ್ರೂ ಗಟ್ಟಿಯಾಗಿ ಹೇಳ್ಬಿಡ್ಬೇಕಿತ್ತು. ಊರೋರಿಗೆ ಮಾತು ಕೊಟ್ಟಿದ್ದೆ, ಸುಮ್ನಾದೆ. ಒಂದ್ ಮಾತು ಹೇಳಿದ್ರೆ ಅವ್ಳು ಉಳೀತಿದ್ಲು.”

ಹಾಳೆ ನನ್ನ ಜೇಬಿನಲ್ಲೇ ಇತ್ತು. ನಾನು ಹೋಗಿದ್ದೇ ಅದಕ್ಕೆ. ಬಾಯಿ ತೆರೆದೆ... ಅಷ್ಟರಲ್ಲಿ ರಸ್ತೆಯಲ್ಲಿ ಹಾರನ್ ಕೇಳಿತು. “ಬಸ್ ಬಂತು ಸಾರ್. ಇದು ಹೋದ್ರೆ ಸಾಯಂಕಾಲದವರೆಗೂ ಇಲ್ಲ” ಎಂದು ಅವರೇ ಎಬ್ಬಿಸಿದರು. ನನ್ನ ಜನ್ಮದಲ್ಲಿ ನಾನು ಬಸ್ಸು ತಪ್ಪಿಸಿಕೊಂಡವನಲ್ಲ. ಅವತ್ತೂ ತಪ್ಪಿಸಿಕೊಳ್ಳಲಿಲ್ಲ.

ಬಡಗಿ ಬಾಗಿಲು ಕಳಚಿದ ದಿನವೇ, ನನ್ನ ಜೊತೆ ಕೆಲಸ ಮಾಡಿದ್ದ ಒಬ್ಬರಿಗೆ ಫೋನ್ ಮಾಡಿ ನರ್ಸಮ್ಮನ ನಂಬರ್ ಕೇಳಿದೆ. ಅವರು ತೀರಿಕೊಂಡು ಎರಡು ವರ್ಷವಾಯಿತಂತೆ. ಸಿಕ್ಕಿದ್ದು ಮಗಳ ನಂಬರು. ಟ್ರಂಕಿನ ಮೇಲೆ ಕೂತಿದ್ದ ಹುಡುಗಿ ಈಗ ವಸಂತನರಸಾಪುರದ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದಾಳೆ. ಯಾರೆಂದು ಹೇಳಿದೆ.

“ಗೊತ್ತು ಸಾರ್. ಅಮ್ಮ ಹೇಳೋರು, ತುಂಬಾ ಶಿಸ್ತಿನೋರು ಅಂತ.” ಮತ್ತೆ ಅವಳೇ ಅಂದಳು, “ಆ ಊರಿನ ವಿಷ್ಯ ಮಾತ್ರ ಕೊನೇವರ್ಗೂ ಬಿಡ್ಲಿಲ್ಲ ಅಮ್ಮ. ನಾನು ಬಾಯಿ ಬಿಟ್ಟಿದ್ರೆ ಒಂದು ಜೀವ ಉಳೀತಿತ್ತು ಅಂತ, ಆಸ್ಪತ್ರೇಲಿ ಮಲಗಿದ್ದಾಗ್ಲೂ ಅನ್ನೋರು.”

“ಇಲ್ಲಮ್ಮ” ಎಂದೆ. “ಅವರು ಹೇಳಿದ್ದರು. ಎರಡು ಸಲ ಹೇಳಿದ್ದರು. ಕೇಳದೆ ಹೋದವನು ನಾನು.” ನಂತರ ಎಲ್ಲವನ್ನೂ ಹೇಳಿದೆ. ಹತ್ತು ಮನೆ, ಹತ್ತು ಕದ, ಕೊಡದೆ ಉಳಿದ ಹಾಳೆ.

ಆ ಕಡೆ ಕಾರ್ಖಾನೆಯ ಯಂತ್ರ ಗುಂಯ್ ಎನ್ನುತ್ತಿತ್ತು.

“ಇದನ್ನ ಅಮ್ಮಂಗೆ ಹೇಳ್ಬೇಕಿತ್ತಲ್ವಾ ಸಾರ್” ಅಂದಳು.

ಹೌದು ಎಂದೆ.