ಮಾಲ್ಜಾ ಅವರ ಎರಡು ಬಣ್ಣ

ಗು ಮಾಲ್ಜಾ ಅವರನ್ನು ದಾನ್ಬಿ ಮೊದಲ ಸಲ ನೋಡಿದ್ದು ಯೊಸು ಊರಿನ ಹಿರಿಯರ ಕೇಂದ್ರದಲ್ಲಿ, ಮೊಬೈಲ್ ಕಲಿಸುವ ತರಗತಿಯ ಬಾಗಿಲಲ್ಲಿ. ಚಳಿಗಾಲ ಮುಗಿಯುತ್ತ ಬಂದಿದ್ದರೂ ಬಂದರಿನ ಕಡೆಯಿಂದ ಬೀಸುವ ಗಾಳಿಗೆ ಕಿಟಕಿಗಳು ಗಡಗಡ ಎನ್ನುತ್ತಿದ್ದವು. ದಾನ್ಬಿಗೆ ಅದು ಕೆಲಸಕ್ಕೆ ಸೇರಿದ ಮೊದಲ ವಾರ. ಗೋಹುಂಗ್ ಕಡೆಯ ಬೆಳ್ಳುಳ್ಳಿ ಹೊಲಗಳಲ್ಲಿ ಬೆಳೆದವಳು, ತನ್ನ ಮನೆಯಿಂದ ಕಾಲೇಜಿಗೆ ಹೋದವರಲ್ಲಿ ಮೊದಲಿಗಳು. ತರಗತಿಯಲ್ಲಿ ಹೇಳಬೇಕಾದ ಪ್ರತಿಯೊಂದು ಮಾತನ್ನೂ ಹಿಂದಿನ ದಿನವೇ ಅಭ್ಯಾಸ ಮಾಡಿಕೊಂಡು ಬರುತ್ತಿದ್ದಳು. ಅಂದಿನ ಪಾಠ, ಮೊಮ್ಮಕ್ಕಳಿಗೆ ಫೋಟೋ ಕಳಿಸುವುದು. ಅವಳು "ಮೊದಲು ಗ್ಯಾಲರಿ ತೆಗೀರಿ" ಎನ್ನುವಷ್ಟರಲ್ಲಿ ಬಾಗಿಲು ಸರಿಯಿತು.

ಒಳಗೆ ಬಂದವರು ಕುಳ್ಳಗಿನ ಹೆಂಗಸು. ಗುಂಗುರು ಮಾಡಿಸಿದ ಕೂದಲು, ಅರವತ್ತು ದಾಟಿದ ಮುಖ, ಉಗುರಿನ ಸಂದಿಯಲ್ಲಿ ಮೆಣಸಿನಪುಡಿಯ ಕೆಂಪು. ಅವರ ಜೊತೆಗೇ ಸಾಸಿವೆಸೊಪ್ಪಿನ ಉಪ್ಪಿನಕಾಯಿಯಂಥ ಕಿಮ್ಚಿಯ ಘಾಟೂ ಒಳಗೆ ಬಂತು. ಮೈಮೇಲೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್ಟು. ನೇರವಾಗಿ ಮುಂದಿನ ಮೇಜಿಗೆ ಬಂದು ಕೂತು, ಎಡಗಡೆಯ ಜೇಬಿನಿಂದ ಒಂದು ಫೋನು, ಬಲಗಡೆಯಿಂದ ಇನ್ನೊಂದು ಫೋನು ತೆಗೆದು, ಇಬ್ಬರು ಮಕ್ಕಳನ್ನು ಊಟಕ್ಕೆ ಕೂರಿಸುವ ಹಾಗೆ ಪಕ್ಕಪಕ್ಕ ಇಟ್ಟರು.

"ಟೀಚರಮ್ಮಾ, ಫೋಟೋ ಗೀಟೋ ಆಮೇಲೆ. ಮುಂದಿನ ತಿಂಗಳು ನಮ್ಮ ಹುಡುಗರಿಬ್ಬರೂ ವಾಪಸ್ ಬರ್ತಿದಾರೆ. ಅದೂ ಒಂದೇ ದಿನ! ನನ್ನ ಕೈಕಾಲೇ ಆಡ್ತಿಲ್ಲ."

ದಾನ್ಬಿಗೆ ನಿಜವಾಗಿಯೂ ಸಂತೋಷವಾಯಿತು. "ಒಳ್ಳೇದಾಯ್ತಲ್ಲಮ್ಮ. ಕಡ್ಡಾಯ ಸೇವೆ ಮುಗಿಸಿ ಸೇನೆಯಿಂದ ಬರ್ತಿದಾರಾ? ಅವಳಿ ಮಕ್ಕಳಾ?"

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಹಿಂದಿನ ಸಾಲಿನಲ್ಲಿದ್ದ ಮ್ಯೊಂಗ್ ಎಂಬ ಮುದುಕರು, ಹಿಂದೆ ದೋಣಿ ಓಡಿಸುತ್ತಿದ್ದವರು, ಕಣ್ಣೊರೆಸಿಕೊಂಡು ಹೇಳಿದರು: "ಅವರಿಗಿರೋದು ಒಬ್ಬಳೇ ಮಗಳಮ್ಮ, ಇಂಚೊನ್‌ನಲ್ಲಿದ್ದಾಳೆ. ಇವರು ಹೇಳ್ತಿರೋದು ಹಾಡೋರನ್ನ. ಹೊಸ ಆಲ್ಬಂ ಬಿಟ್ರೆ ಸಾಕು, ವಾಪಸ್ ಬಂದ ಅಂತಾರೆ. ಎಲ್ಲಿಗೆ ಹೋಗಿದ್ದ ಅಂತ ಕೇಳಿ ನೋಡಿ! ದಿನಾ ಟೀವೀಲಿ ಮಂಡಿನೋವಿನ ಪ್ಲಾಸ್ಟರ್ ಮಾರ್ತಾ ನಿಂತಿರ್ತಾನೆ."

"ಆ ಪ್ಲಾಸ್ಟರ್ ನಿಮ್ಮ ಮಂಡಿ ಮೇಲೂ ಇದೆಯಲ್ಲ, ನನಗೆ ಗೊತ್ತಿಲ್ವಾ?" ಎಂದರು ಮಾಲ್ಜಾ, ತಿರುಗಿಯೂ ನೋಡದೆ.

ದಾನ್ಬಿಗೆ ಕಿವಿ ಬಿಸಿಯಾಯಿತು. 'ವಾಪಸ್ ಬರೋದು' ಎಂಬ ಮಾತು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಕಾಲೇಜಿನ ಗೆಳತಿಯರು ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತೇ. ಆದರೆ ತನ್ನ ತಾಯಿಗಿಂತ ದೊಡ್ಡ ಹೆಂಗಸಿನ ಬಾಯಿಂದ ಅದು ಬಂದೀತೆಂದು ಅವಳು ಎಣಿಸಿರಲಿಲ್ಲ.

ತರಗತಿ ಮುಗಿದ ಮೇಲೂ ಮಾಲ್ಜಾ ಏಳಲಿಲ್ಲ. ಎಲ್ಲರೂ ಹೋದದ್ದನ್ನು ಖಚಿತ ಮಾಡಿಕೊಂಡು ಜಾಕೆಟ್ಟು ಬಿಚ್ಚಿ, ತೋಳನ್ನು ಒಳಗಿನಿಂದ ಎಳೆದು ತಿರುವಿದರು. ಒಳಮೈ ಪೂರ್ತಿ ಹಸಿರು.

"ನಾನೇ ಹೊಲಿದದ್ದು," ಎಂದರು ಗುಟ್ಟಾಗಿ. "ಎರಡು ಜಾಕೆಟ್ಟು ಸೇರಿಸಿ. ಯಾರಿಗೂ ಹೇಳ್ಬೇಡಿ."

ಸಂಗತಿ ಇಷ್ಟು. ಟೀವಿಯ ಹಾಡಿನ ಸ್ಪರ್ಧೆಯೊಂದರಲ್ಲಿ ತೇಬೆಕ್ ಮತ್ತು ಹ್ಯೋನು ಎಂಬ ಇಬ್ಬರು ಹುಡುಗರು ಕೊನೆಯ ಸುತ್ತಿನವರೆಗೂ ಬಂದಿದ್ದರು. ತೇಬೆಕ್‌ನದು ನಿಧಾನದ, ಗಂಟಲು ಕಟ್ಟಿಸುವ ಹಾಡು. ಹ್ಯೋನುವಿನದು ಭುಜ ಕುಣಿಸುವ ಹಾಡು. ತಾವು ಕೆಲಸಕ್ಕಿರುವ ಮಾರುಕಟ್ಟೆಯ ಕಿಮ್ಚಿ ಅಂಗಡಿಯಲ್ಲಿ ಸೊಪ್ಪಿಗೆ ಉಪ್ಪು ಹಾಕುವಾಗ ಮಾಲ್ಜಾ ಅವರಿಗೆ ತೇಬೆಕ್ ಬೇಕು, ಆ ಕೆಲಸದಲ್ಲಿ ಅವಸರ ಮಾಡಿದರೆ ಎಲೆ ಮುರಿಯುತ್ತದೆ. ಮಸಾಲೆ ಕಲಸುವಾಗ ಹ್ಯೋನು ಬೇಕು, ಇಲ್ಲದಿದ್ದರೆ ರಟ್ಟೆ ಸೋಲುತ್ತದೆ. ಹೀಗೆ ಇಬ್ಬರ ಅಭಿಮಾನಿ ಬಳಗಕ್ಕೂ ಸೇರಿದರು. ತೇಬೆಕ್‌ನ ಬಳಗದ ಬಣ್ಣ ಕಿತ್ತಳೆ, ಹ್ಯೋನುವಿನದು ಹಸಿರು. ಕಿತ್ತಳೆ ಬಳಗದಲ್ಲಿ ಅವರಿಗೆ 'ಕಡಲಹಕ್ಕಿ' ಎಂದು ಹೆಸರು, ಹಸಿರು ಬಳಗದಲ್ಲಿ 'ಸಾಸಿವೆ'. ಊರಿನ ಉಳಿದವರಿಗೆಲ್ಲ ಅವರು ಕಿಮ್ಚಿ ಅಂಗಡಿಯ ಹೆಂಗಸು ಮಾತ್ರ. ಗಂಡ ತೀರಿಕೊಂಡ ಮೇಲೆ ಅವರನ್ನು ಊಟಕ್ಕೆ ಕರೆದವರು, ಜ್ವರ ಬಂದಾಗ ಗಂಜಿ ತಂದವರು ಈ ಎರಡು ಬಳಗದ ಹೆಂಗಸರೇ. ಆದರೆ ಎರಡು ಬಳಗಕ್ಕೂ ಆಗಿಬರುವುದಿಲ್ಲ. ಒಂದರಲ್ಲಿದ್ದವಳು ಇನ್ನೊಂದರಲ್ಲಿದ್ದಾಳೆ ಎಂದು ತಿಳಿದರೆ ಎರಡೂ ಕಡೆಯಿಂದ ಹೊರಗೆ ಹಾಕುತ್ತಾರೆ.

ಈಗ ಇಬ್ಬರ ಆಲ್ಬಮ್ಮೂ ಒಂದೇ ದಿನ. ಅಂದು ಆಲ್ಬಂ ಬಿಡುಗಡೆಯ ಸಮಾರಂಭಕ್ಕೆ ಕಿತ್ತಳೆಯವರ ಬಸ್ಸು ಗ್ವಾಂಗ್ಜುವಿಗೆ, ಹಸಿರಿನವರ ಬಸ್ಸು ಬುಸಾನಿಗೆ. ಮಾಲ್ಜಾ ಎರಡರಲ್ಲೂ ಸೀಟು ಹಿಡಿದಿದ್ದರು.

"ಎರಡೂ ಕಡೆ ಹೂಂ ಅಂದ್ಬಿಟ್ಟೆ, ಬಾಯಿಗೆ ಬಂದದ್ದೇ ಅದು. ನೀವು ಓದಿದವರು, ಹೇಳಿ. ಯಾವ ಬಸ್ಸು ಹತ್ಲಿ?"

ದಾನ್ಬಿ ಗಂಭೀರವಾಗಿಯೇ ಯೋಚಿಸಿದಳು. ಹಿರಿಯರು ಏನೇ ಕೇಳಿದರೂ ಸರಿಯಾದ ಉತ್ತರ ಕೊಡುವುದು ತನ್ನ ಕೆಲಸವೆಂದು ನಂಬಿದ್ದವಳು. "ಇಬ್ಬರಲ್ಲಿ ನಿಮ್ಮ ಮೊದಲ ಮುದ್ದು ಯಾರು, ಎರಡನೇ ಮುದ್ದು ಯಾರು?" ಎಂದು, ಅಭಿಮಾನಿಗಳು ಕೇಳುವ ಹಾಗೆಯೇ ಕೇಳಿದಳು.

"ಅದೇ ಗೊತ್ತಾಗ್ತಿಲ್ಲ."

"ಬೆಳಿಗ್ಗೆ ಎದ್ದ ಕೂಡ್ಲೇ ಯಾರ ನೆನಪಾಗತ್ತೆ?"

"ಎದ್ದ ಕೂಡ್ಲೇ ಮಂಡಿ ನೆನಪಾಗತ್ತೆ, ಇನ್ಯಾರ ನೆನಪು!" ಮಾಲ್ಜಾ ಹಸಿರು ತೋಳನ್ನು ಮಡಿಲಲ್ಲಿಟ್ಟು ಸವರಿದರು. "ನೋಡಿ ಟೀಚರಮ್ಮ, ಮಾಲ್ಜಾ ಅಂದ್ರೆ ಕೊನೇ ಹೆಣ್ಣು ಅಂತ. ನಾಲ್ಕನೇದೂ ಹೆಣ್ಣೇ ಆಯ್ತಲ್ಲ, ಇನ್ನು ಸಾಕು ಅಂತ ನಮ್ಮಪ್ಪ ಸಿಟ್ಟಲ್ಲಿ ಬರೆಸಿದ ಹೆಸರು. ಆ ಹುಡುಗರಲ್ಲಿ ಒಬ್ಬನ್ನ ಎರಡನೇದು ಅನ್ನೋಕೆ ನನಗೆ ನಾಲಿಗೆ ಏಳಲ್ಲ."

ಒಂದು ಬಳಗಕ್ಕೆ ಈಗಲೇ ಬರುವುದಿಲ್ಲವೆಂದು ಹೇಳಿಬಿಡಿ ಎಂದು ದಾನ್ಬಿ ಸಲಹೆ ಕೊಟ್ಟಳು. ಮಾಲ್ಜಾ ಹೂಂ ಎಂದು ತಲೆಯಾಡಿಸಿದರು. ಮುಂದಿನ ತರಗತಿಯಲ್ಲಿ ಕೇಳಿದರೆ, ಕಿತ್ತಳೆ ಬಳಗದ ಮುಖ್ಯಸ್ಥೆಗೆ ಹೇಳೋಣವೆಂದು ಹೋದವರು ಅವರ ಪಾರ್ಲರಿನಲ್ಲಿ ಕೂದಲು ಮತ್ತೊಮ್ಮೆ ಗುಂಗುರು ಮಾಡಿಸಿಕೊಂಡು ಬಂದಿದ್ದರು. ಅದರ ಮುಂದಿನ ವಾರ ಹಸಿರು ಬಳಗದವರಿಗೆ ಹೇಳಲು ಹೋಗಿ, ಬಸ್ಸಿನಲ್ಲಿ ಹಂಚುವ ಅಕ್ಕಿಕಡುಬು ತರುವ ಹೊಣೆ ಹೊತ್ತು ಬಂದರು. ದಿನ ಹತ್ತಿರವಾದ ಹಾಗೆ ಉಪ್ಪಿನ ಬದಲು ಸೊಪ್ಪಿಗೆ ಸಕ್ಕರೆ ಸುರಿದು ಮಾಲೀಕರಿಂದ ಬೈಸಿಕೊಂಡರು. ದಾನ್ಬಿಗೂ ಯೋಚನೆ ಹತ್ತಿತು. ಪರೀಕ್ಷೆ, ಶುಲ್ಕ, ಕೆಲಸ ಎಂದು ಓಡುವುದರಲ್ಲಿ ಒಂದು ಹಾಡನ್ನೂ ಅವಳು ಕೂತು ಪೂರ್ತಿ ಕೇಳಿದ್ದಿಲ್ಲ. ಒಬ್ಬ ಹಾಡುಗಾರನಿಗಾಗಿ ಹೀಗೆ ಕಂಗೆಡುವುದು ದಡ್ಡತನವೋ, ಅಥವಾ ತನಗೇ ಏನೋ ತಪ್ಪಿಹೋಗಿದೆಯೋ, ಅವಳಿಗೆ ತಿಳಿಯಲಿಲ್ಲ.

ಆ ದಿನ ಬೆಳಿಗ್ಗೆ ಮಾಲ್ಜಾ ಕರೆದರೆಂದು ಅವಳೂ ಕ್ರೀಡಾಂಗಣದ ಮುಂದಿನ ಬಯಲಿಗೆ ಹೋದಳು. ಊರಲ್ಲಿ ದೊಡ್ಡ ಬಸ್ಸುಗಳು ನಿಲ್ಲುವುದು ಅಲ್ಲೊಂದೇ ಕಡೆ. ಒಂದು ಬದಿಗೆ ಕಿತ್ತಳೆ ಹೆಂಗಸರ ಸಾಲು, ಎದುರು ಬದಿಗೆ ಹಸಿರು ಹೆಂಗಸರ ಸಾಲು. ಒಬ್ಬರು ಇನ್ನೊಬ್ಬರ ಕಡೆ ಕಣ್ಣೆತ್ತದೆ ಗಟ್ಟಿಯಾಗಿ ನಗುತ್ತಿದ್ದರು. ಮಾಲ್ಜಾ ಕಿತ್ತಳೆಯನ್ನು ಹೊರಗೆ ಮಾಡಿಕೊಂಡು ಕಿತ್ತಳೆ ಸಾಲಿನಲ್ಲಿ ನಿಂತಿದ್ದರು. ಕೈಯಲ್ಲಿ ಹಸಿರಿನವರಿಗೆಂದು ಮಾಡಿಸಿದ ಕಡುಬಿನ ಡಬ್ಬ.

"ನಿರ್ಧಾರ ಆಯ್ತಾಮ್ಮ?" ಎಂದು ದಾನ್ಬಿ ಪಿಸುಗುಟ್ಟಿದಳು.

"ಸಾಲು ಇಲ್ಲಿ ಚಿಕ್ಕದಿತ್ತು, ನಿಂತೆ."

ಕಿತ್ತಳೆ ಬಳಗದ ಮುಖ್ಯಸ್ಥೆ ಪ್ಯೋ, ಪಾರ್ಲರಿನವರು, ಹಾಜರಿ ಕರೆಯತೊಡಗಿದರು. ಎದುರುಗಡೆ ಹಸಿರಿನ ಮುಖ್ಯಸ್ಥೆ ಸೊಂಗ್ ಕೂಡ ಕರೆಯುತ್ತಿದ್ದರು, ಇನ್ನೂ ಜೋರಾಗಿ. ಇವರು "ಮುತ್ತು!" ಎಂದರೆ ಅವರು "ಹುಣ್ಣಿಮೆ!" ಎನ್ನುವರು. ದನಿಗೆ ದನಿ ಏರಿತು.

"ಕಡಲಹಕ್ಕಿ!" ಎಂದರು ಪ್ಯೋ.

ಮಾಲ್ಜಾ ಅವರ ಗಮನವೆಲ್ಲ ಎದುರು ಸಾಲಿನ ಮೇಲಿತ್ತು.

"ಕಡಲಹಕ್ಕಿ! ಎಲ್ಲಿ ಹಾರಿಹೋದಳು?"

"ಸಾಸಿವೆ!" ಎಂದು ಅತ್ತಲಿಂದ ಸೊಂಗ್ ಕೂಗಿದರು.

"ಇದ್ದೀನಕ್ಕಾ!" ಎಂದರು ಮಾಲ್ಜಾ, ಕಿತ್ತಳೆ ಸಾಲಿನ ನಡುವಿನಿಂದ, ಡಬ್ಬ ಹಿಡಿದ ಕೈ ಎತ್ತಿ.

ಎರಡೂ ಸಾಲು ತಿರುಗಿ ನೋಡಿದವು. ಸೊಂಗ್ ದಾಪುಗಾಲು ಹಾಕಿಕೊಂಡು ಬಂದರು. "ನೀನು ಈ ಬಣ್ಣದಲ್ಲಿ ಏನೇ ಮಾಡ್ತಿದ್ದೀಯ?" ಎಂದು ಜಾಕೆಟ್ಟಿನ ಅಂಚು ಹಿಡಿದರು. ಅಂಚು ಮಗುಚಿತು, ಹಸಿರು ಕಂಡಿತು. ಅದನ್ನು ನೋಡಿ ಪ್ಯೋ ಬಾಯಿ ಮುಚ್ಚಿಕೊಂಡರು.

"ಅಯ್ಯೋ, ಬಾವಲಿ! ಅತ್ತ ಹಕ್ಕಿಯೂ ಅಲ್ಲ, ಇತ್ತ ಇಲಿಯೂ ಅಲ್ಲ! ಹೊಲಿಗೆ ಬೇರೆ ಹಾಕಿಸಿದ್ದಾಳೆ!"

"ನಾನೇ ಹಾಕಿದ್ದು," ಎಂದರು ಮಾಲ್ಜಾ.

"ನಮ್ಮ ತೇಬೆಕ್ ಒಂದನೇ ಸ್ಥಾನಕ್ಕೆ ಬರ್ಬೇಕು ಅಂತ ನಾವೆಲ್ಲ ಪಾಡು ಪಡ್ತಿದ್ರೆ, ನೀನು ಆ ಕುಣಿಯೋನಿಗೂ ಓಟು ಒತ್ತಿದ್ಯಾ?"

"ಇಬ್ಬರಿಗೂ ಒತ್ತಿದೀನಿ ಅಕ್ಕಾ. ಒಂದೊಂದು ಫೋನಿಂದ."

"ಹಂಗಾದ್ರೆ ಒತ್ತಿದ್ದೂ ಒಂದೇ, ಬಿಟ್ಟಿದ್ದೂ ಒಂದೇ!" ಎಂದರು ಸೊಂಗ್. ಆ ಬೆಳಿಗ್ಗೆ ಇಬ್ಬರು ಮುಖ್ಯಸ್ಥೆಯರೂ ಒಪ್ಪಿದ ಮಾತು ಅದೊಂದೇ. "ಈಗ ಹೇಳು, ನಿನ್ನ ಮೊದಲ ಮುದ್ದು ಯಾರು?"

ಎರಡು ಬಣ್ಣದ ಹೆಂಗಸರೂ ಕಾದರು. ಯಾರಾದರೊಬ್ಬನ ಹೆಸರು ಹೇಳಿಬಿಡಲಿ, ಒಂದು ಬಳಗವಾದರೂ ಉಳಿಯಲಿ ಎಂದು ದಾನ್ಬಿ ಅಂದುಕೊಂಡಳು. ಮಾಲ್ಜಾ ಒಮ್ಮೆ ಈ ಬಸ್ಸನ್ನು, ಒಮ್ಮೆ ಆ ಬಸ್ಸನ್ನು ನೋಡಿದರು. ಕೊನೆಗೆ, "ಕಡುಬು ಬಿಸಿ ಇದೆ, ತಗೊಂಡು ಹೋಗಿ," ಎಂದರು.

ಡಬ್ಬವನ್ನು ಯಾರೂ ಮುಟ್ಟಲಿಲ್ಲ. ಬಸ್ಸುಗಳು ಒಂದರ ಹಿಂದೆ ಒಂದು ಹೊರಟು, ಬೇರೆ ಬೇರೆ ದಿಕ್ಕಿಗೆ ತಿರುಗಿದವು. ಮಾಲ್ಜಾ ಅಳುತ್ತಾರೆಂದು ದಾನ್ಬಿ ಕರವಸ್ತ್ರ ತೆಗೆದಿದ್ದಳು. ಅವರು ಅಳಲಿಲ್ಲ. "ಸಂಜೆ ಆರಕ್ಕೆ ಹಾಡು ಬಿಡ್ತಾರೆ. ಅಂಗಡಿಗೆ ಬನ್ನಿ, ಹಾಡು ಕೇಳೋ ಹೊಸ ಆ್ಯಪಲ್ಲಿ ಎಲ್ಲಿ ಒತ್ತಬೇಕೋ ನನಗೆ ಮರೆತುಹೋಗತ್ತೆ," ಎಂದಷ್ಟೇ ಹೇಳಿದರು.

ಸಂಜೆ ಅವಳು ಹೋದಾಗ ಮಾಲ್ಜಾ ಕೈ ತೊಳೆದು, ಏಪ್ರನ್ ಬಿಚ್ಚಿ, ಕಿಮ್ಚಿಯ ಜಾಡಿಗಳ ನಡುವೆ ಕೂತಿದ್ದರು. ಎದುರಿಗೆ ಎರಡು ಫೋನು. ಬಯಲಿನಲ್ಲಿ ನಡೆದದ್ದು ಮರೆತೇಹೋಯಿತೋ ಎನ್ನುವ ಹಾಗೆ ಕೆನ್ನೆ ಕೆಂಪಾಗಿತ್ತು. "ಉಚ್ಚೆ ಬರೋ ಹಂಗಾಗ್ತಿದೆ ಟೀಚರಮ್ಮ," ಎಂದು ನಕ್ಕರು. ಹೊತ್ತಾಯಿತು. ಕೈಗೆ ಸಿಕ್ಕ ಫೋನನ್ನು ಒತ್ತಿದರು.

ನಿಧಾನದ ಹಾಡು. ಎರಡನೇ ಸಾಲಿಗೇ ಅವರ ಕಣ್ಣು ತುಂಬಿತು. "ಇದು ನೋಡಿ, ಇದು ನನ್ನ ತೇಬೆಕ್. ಈ ನಡುಕ ಬೇರೆ ಯಾರ ಗಂಟಲಿಗೂ ಬರಲ್ಲ."

ದಾನ್ಬಿ ಪರದೆ ನೋಡಿದಳು. ಹಸಿರು ಚಿತ್ರ. ಹಾಡುತ್ತಿದ್ದವನು ಹ್ಯೋನು. ಹೇಳಬೇಕೋ ಬೇಡವೋ ಎಂದು ಒದ್ದಾಡಿ ಕೊನೆಗೆ ಹೇಳಿದಳು. ಮಾಲ್ಜಾ ಕನ್ನಡಕ ಏರಿಸಿ ನೋಡಿದರು. ಅವಸರದಿಂದ ಇನ್ನೊಂದು ಫೋನು ಒತ್ತಿದರು. ಅದರಲ್ಲಿ ತೇಬೆಕ್ ಡೋಲು ತುತ್ತೂರಿಗಳ ನಡುವೆ ಕುಣಿದು ಹಾಡುತ್ತಿದ್ದ. ಮೊದಲನೆಯದನ್ನು ನಿಲ್ಲಿಸಲು ಮರೆತದ್ದರಿಂದ ಎರಡೂ ಒಟ್ಟಿಗೆ ಹಾಡಿದವು.

"ಇವನ್ಯಾಕೆ ಕುಣೀತಿದಾನೆ? ಅವನ್ಯಾಕೆ ಅಳ್ತಿದಾನೆ?" ಮಾಲ್ಜಾ ಎರಡು ಫೋನನ್ನೂ ಎರಡು ಕಿವಿಗೆ ಹಿಡಿದರು. "ಹಂಗಾದ್ರೆ ಉಪ್ಪು ಹಾಕುವಾಗ ನಾನು ಯಾರನ್ನ ಕೇಳ್ಬೇಕು? ಇಷ್ಟು ದಿನ ಇಷ್ಟಪಟ್ಟಿದ್ದು ಇವರನ್ನೋ, ಬರೀ ನನ್ನ ಕೆಲಸಾನೋ?"

"ನನಗೂ ಗೊತ್ತಾಗ್ತಿಲ್ಲಮ್ಮ," ಎಂದಳು ದಾನ್ಬಿ. ಕೆಲಸಕ್ಕೆ ಸೇರಿದ ಮೇಲೆ ಹಿರಿಯರೊಬ್ಬರಿಗೆ ಅವಳು ಹಾಗೆ ಹೇಳಿದ್ದು ಅದೇ ಮೊದಲು. ಇಬ್ಬರೂ ಕಡುಬು ತಿನ್ನುತ್ತ, ಒಂದೊಂದಾಗಿ, ಎರಡು ಆಲ್ಬಮ್ಮನ್ನೂ ಕೊನೆಯವರೆಗೆ ಕೇಳಿದರು.

ಎರಡು ಬಳಗದ ಫೋನಿನ ಹರಟೆಗುಂಪುಗಳಿಂದಲೂ ಮಾಲ್ಜಾ ಅವರನ್ನು ತೆಗೆದುಹಾಕಿದರು. ಕೆಲವು ದಿನಗಳ ಮೇಲೆ ಅಂಗಡಿಯ ಬಾಗಿಲಲ್ಲಿ ಒಂದು ಪೆಟ್ಟಿಗೆ ಇತ್ತು. ಬಳಗದ ಮೂಲಕ ಮೊದಲೇ ತರಿಸಿದ್ದ ತೇಬೆಕ್‌ನ ಆಲ್ಬಂ, ಪ್ಯೋ ಕಳಿಸಿದ್ದು. ಅದರ ಮೇಲೆ ಕೂದಲಿಗೆ ಹಚ್ಚುವ ಎಣ್ಣೆಯ ಸಣ್ಣ ಬಾಟಲಿ. ಇದು ರಾಜಿಯೋ, ಲೆಕ್ಕ ಚುಕ್ತಾ ಮಾಡಿದ್ದೋ, ಮಾಲ್ಜಾ ಅವರಿಗೆ ತಿಳಿಯಲಿಲ್ಲ. ದಾನ್ಬಿಗೆ ತೋರಿಸಿದರು, ಅವಳಿಗೂ ತಿಳಿಯಲಿಲ್ಲ. ಸೊಂಗ್ ಎಂದಿನಂತೆ ಕಿಮ್ಚಿಗೆ ಬರುತ್ತಾರೆ, ಹಾಡಿನ ಮಾತು ಎತ್ತುವುದಿಲ್ಲ, "ಇನ್ನೊಂದು ಹಿಡಿ ಹಾಕೇ" ಎನ್ನುತ್ತಾರೆ. ಸಾಸಿವೆ ಎಂದು ಕರೆಯುವುದಿಲ್ಲ, ಬೇರೆ ಏನೆಂದೂ ಕರೆಯುವುದಿಲ್ಲ.

ಈಗ ಮಾಲ್ಜಾ ಯಾವ ಬಳಗದಲ್ಲೂ ಇಲ್ಲ. ಮಧ್ಯಾಹ್ನದವರೆಗೆ ಅಂಗಡಿಯಲ್ಲಿ ಸಾಸಿವೆಸೊಪ್ಪಿಗೆ ಉಪ್ಪು ಹಾಕುತ್ತಾರೆ, ಮಸಾಲೆ ಕಲಸುತ್ತಾರೆ. ಇಬ್ಬರು ಹುಡುಗರೂ ಶರತ್ಕಾಲಕ್ಕೆ ಮತ್ತೆ ವಾಪಸ್ ಬರುತ್ತೇವೆಂದು ಹೇಳಿದ್ದಾರೆ. ಮಾಲ್ಜಾ ಇಬ್ಬರ ಆಲ್ಬಮ್ಮನ್ನೂ ಈಗಲೇ ಬೇಕೆಂದು ಹೇಳಿಟ್ಟು ಕಾಯುತ್ತಿದ್ದಾರೆ.