ಅತ್ತೆಯ ಹೆಸರಿನ ಸೊಸೆ

ಆ ದಿನ ಅವ್ವ ನಮ್ಮ ಜೊತೆ ಕೊಪ್ಪಳಕ್ಕೆ ಬಂದಿದ್ದಳೋ ಇಲ್ಲವೋ, ನನಗೆ ಖಾತ್ರಿಯಿಲ್ಲ. ಬಂದಿದ್ದಳೆಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಮೇಜಿನ ಅಂಚು ಹಿಡಿದು ಅವಳಾಡಿದ ಮಾತು ಈಗಲೂ ಕಿವಿಯಲ್ಲಿದೆ. ಆದರೆ ಕಿವಿಯಲ್ಲಿ ಉಳಿದದ್ದೆಲ್ಲ ಯಾರೋ ಆಡಿದ್ದೇ ಆಗಿರಬೇಕಿಲ್ಲ ಎಂದು ಯಲಬುರ್ಗಾದ ಕಾಲೇಜಿನಲ್ಲಿ ಹುಡುಗರಿಗೆ ಇತಿಹಾಸ ಹೇಳುತ್ತಿದ್ದವನು ನಾನೇ. ನನ್ನ ಅಣ್ಣನ ಹೆಂಡತಿ, ಅಂದರೆ ವೈನಿಯನ್ನು ಕೇಳಿದರೆ, "ಅತ್ತಿ ಅವತ್ತ ಬಂದಿದ್ದಿಲ್ಲ. ಎರಡನೇ ಸಲ ಹೋದಾಗ ಬಂದಿದ್ರು" ಎನ್ನುತ್ತಾಳೆ. ಎರಡನೇ ಸಲ ಹೋಗಿದ್ದೇ ನನಗೆ ನೆನಪಿಲ್ಲ.

ವರ್ಷವೂ ಅಷ್ಟೆ. ಕೊಪ್ಪಳ ಜಿಲ್ಲೆಯಾಗಿ ಒಂದೆರಡು ವರ್ಷವಾಗಿತ್ತು ಎಂದಷ್ಟೇ ಹೇಳಬಲ್ಲೆ. ಜಿಲ್ಲೆ ಬಂದಿತ್ತು, ಕಚೇರಿಗಳು ಇನ್ನೂ ಬರುತ್ತಿದ್ದವು. ಯಾವ ಕೆಲಸಕ್ಕೆ ಹೋದರೂ "ಅದು ಇನ್ನಾ ರಾಯಚೂರಾಗ ಐತ್ರಿ" ಎನ್ನುವವನೊಬ್ಬ ಬಾಗಿಲಲ್ಲೇ ಸಿಗುತ್ತಿದ್ದ.

ಅಣ್ಣ ಮಿಲಿಟರಿಯಲ್ಲಿದ್ದ, ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ. ವೈನಿ ತಾವರಗೇರಾ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವ್ವನ ಜೊತೆ ಇದ್ದಳು. ತವರು ಕಾರಟಗಿ, ಓದಿದ್ದು ಪಿಯುಸಿ. ಅಣ್ಣನಿಗೆ ಕ್ವಾರ್ಟರ್ಸ್ ಸಿಕ್ಕರೆ ಅವನಿದ್ದಲ್ಲಿಗೆ ಹೋಗುವವಳು. ಮತ್ತೆ ಅವನಿಗೆ ವರ್ಗವಾದರೆ ಗಂಟುಮೂಟೆ ಕಟ್ಟುವವಳು. ಎಲ್ಲಿಗೆ ಹೋದರೂ ಜೊತೆಗೆ ಒಯ್ಯಬಹುದಾದ ಒಂದು ವಿದ್ಯೆ ತನಗೆ ಬೇಕು ಎಂದು ಅವಳು ಹಟ ಹಿಡಿದಿದ್ದಳು. ಗಂಗಾವತಿಯಲ್ಲಿ ಆಗ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಶುರುವಾಗಿತ್ತು. ತವರಿನಲ್ಲಿದ್ದುಕೊಂಡು ದಿನಾ ಬಸ್ಸಿಗೆ ಹೋಗಿಬರಬಹುದಿತ್ತು. ಶುಲ್ಕ ಕೇಳಿ ಅವ್ವ, "ಕಲಿಸಿದ ಮ್ಯಾಲೆ ಆ ಮಶೀನು ಮನಿಗೆ ಕೊಟ್ಟು ಕಳಸ್ತಾರೇನು?" ಎಂದಿದ್ದಳು.

ಸೈನಿಕರ ಹೆಂಡಂದಿರು ಏನಾದರೂ ತರಬೇತಿ ಪಡೆದರೆ ಶುಲ್ಕ ಕೊಡುವ ಸಹಾಯವೊಂದಿದೆ ಎಂದು ಅಣ್ಣನೇ ಫೋನಿನಲ್ಲಿ ತಿಳಿಸಿದ. ಕೋರ್ಸಿನವರು ತಿಂಗಳ ಕೊನೆಯವರೆಗೆ ಸೀಟು ಹಿಡಿದಿಡಲು ಒಪ್ಪಿದರು. ಸಹಾಯ ಮಂಜೂರಾದರೆ ಗಂಗಾವತಿ. ಇಲ್ಲದಿದ್ದರೆ ವೈನಿಗೆ ಮತ್ತದೇ ಒಲೆ, ಅದೇ ಹೊಲ.

ವಾರಕ್ಕೊಮ್ಮೆ ಕೊಪ್ಪಳಕ್ಕೆ ಬಂದು ಒಬ್ಬ ನಿವೃತ್ತ ಸುಬೇದಾರರು ಇಂಥ ಕಾಗದಗಳನ್ನು ನೋಡುತ್ತಿದ್ದರು. ವೈನಿಯ ಲೆಕ್ಕದಂತೆ ಮೊದಲ ಸಲ ಅವರ ಮುಂದೆ ಹೋದವರು ನಾನೂ ಅವಳೂ ಇಬ್ಬರೇ. ಅವಳ ಅರ್ಜಿ ಓದಿ ಅವರು ಅದನ್ನು ನನ್ನತ್ತ ತಳ್ಳಿದರು.

"ಇದು ಹೆಂಡ್ತಿಗೆ ಐತಿ ತಮ್ಮಾ. ತಾಯಿಗೆ ಇಲ್ಲ."

"ಇವರು ಹೆಂಡ್ತೀನ ರೀ. ನಮ್ಮ ವೈನಿ."

"ನಿಮ್ಮಣ್ಣ ಬರೆಸಿದ ಕಾಗದದಾಗ ಈ ಹೆಸರಿನ ಮುಂದ ತಾಯಿ ಅಂತ ಐತಿ. ಹೆಂಡ್ತಿ ಹೆಸರು ಬ್ಯಾರೆ ಐತಿ. ಈ ವಯಸ್ಸಿನ್ಯಾಗ ಅಮ್ಮಾರು ಕಂಪ್ಯೂಟರ್ ಯಾಕ ಕಲೀತಾರ ಅಂತ ನಾನೂ ವಿಚಾರ ಮಾಡಾಕತ್ತಿದ್ನಿ."

ಆಗಿದ್ದು ಇಷ್ಟು. ವೈನಿಯ ಹುಟ್ಟುಹೆಸರೂ ಅವ್ವನ ಹೆಸರೂ ಒಂದೇ. ನಮ್ಮಲ್ಲಿ ಅತ್ತೆಯ ಹೆಸರಿನ ಸೊಸೆ ಮನೆಗೆ ಬಂದರೆ ಸೊಸೆಯ ಹೆಸರು ಬದಲಾಗುತ್ತದೆ. ಹೆತ್ತವಳ ಹೆಸರು ಹಿಡಿದು ಮಗ ಹೆಂಡತಿಯನ್ನು ಕರೆಯುವುದು ಹೇಗೆ? ಅತ್ತೆ ಸೊಸೆಯನ್ನು ಬೈದರೆ ತನ್ನನ್ನೇ ಬೈದುಕೊಂಡ ಹಾಗೆ. ಆದ್ದರಿಂದ ಮದುವೆಯ ದಿನವೇ ಅವ್ವ ಅವಳಿಗೆ ಹೊಸ ಹೆಸರಿಟ್ಟಳು. ಅಣ್ಣ ಪಲ್ಟನ್ನಿಗೆ ಹೋಗಿ ಆ ಹೊಸ ಹೆಸರನ್ನೇ ಬರೆಸಿದ. ಕಾಲೇಜಿನ ಕಾಗದಗಳಲ್ಲಿ ಹಳೆಯದೇ ಉಳಿಯಿತು, ಅವುಗಳ ಪ್ರಕಾರ ಅರ್ಜಿಯಲ್ಲೂ ಅದನ್ನೇ ಬರೆದೆವು. ಆ ಹಳೆಯದಕ್ಕೆ ನಮ್ಮ ಮನೆತನದ ಹೆಸರು ಸೇರಿಸಿದರೆ ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ ನಮ್ಮ ಅವ್ವ.

ಪಲ್ಟನ್ನಿನಲ್ಲಿ ಹೆಸರು ತಿದ್ದಿಸಲು ತಿಂಗಳುಗಟ್ಟಲೆ ಬೇಕಂತೆ. ಅಲ್ಲಿಯತನಕ ಒಂದು ದಾರಿಯಿದೆ ಎಂದು ಸುಬೇದಾರರು ಹೇಳಿದರು. ಎರಡೂ ಹೆಸರು ಒಬ್ಬಳವೇ ಎಂದು ಸೈನಿಕನ ತಾಯಿಯೇ ಬಂದು ತಮ್ಮ ಮುಂದೆ ಹೇಳಿ ಹೆಬ್ಬೆಟ್ಟು ಒತ್ತಿದರೆ ತಾವು ಶಿಫಾರಸು ಬರೆಯುವುದಾಗಿ ತಿಳಿಸಿದರು.

ಬಸ್ ಸ್ಟ್ಯಾಂಡಿನವರೆಗೂ ವೈನಿ ನಗುತ್ತಲೇ ಬಂದಳು. "ಹಂಗಂದ್ರ ನಾ ನನ್ನ ಗಂಡಗ ಅವ್ವ ಆದ್ನಿ. ರಜಾಕ್ಕ ಬರ್ಲಿ, ಕಾಲಿಗೆ ಬೀಳಿಸ್ಕೊಂತೀನಿ. ನೀವೂ ಬೀಳ್ರಿ ಎಮ್ಮೆ ಸಾಹೇಬ್ರ." ನಾನು ಎಂ.ಎ. ಮಾಡಿದ ದಿನದಿಂದ ಅವಳ ಬಾಯಲ್ಲಿ ಅದು ಎಮ್ಮೆಯೇ. ಆದರೆ ಅವ್ವ ಒಪ್ಪುತ್ತಾಳೆಂಬ ಭರವಸೆ ಇಬ್ಬರಿಗೂ ಇರಲಿಲ್ಲ.

ಅವ್ವ ಮೊದಲಿಗೆ ಒಪ್ಪಲಿಲ್ಲ ಕೂಡ. ಜೋಳ ಹಸನು ಮಾಡುತ್ತ ಕೂತಿದ್ದವಳು ಮೊರ ಕೆಳಗಿಟ್ಟಳು.

"ಹೆಸರು ಇಟ್ಟಾಕಿ ನಾನು. ಈಗ ಅದನ್ನ ತಗ್ಯಾಕೂ ನಾನ ಹೋಗ್ಬೇಕೇನು?"

"ತಗೀಬ್ಯಾಡ್ರಿ ಅತ್ತಿ," ಎಂದಳು ವೈನಿ. "ಮನ್ಯಾಗ ನೀವು ಇಟ್ಟಿದ್ದ ಇರ್ಲಿ. ಗಂಗಾವತ್ಯಾಗ ಅಷ್ಟ ಹಳೇದು."

"ಅಲ್ಲಿ ಮಾಸ್ತರ ನಿನಗ ದಡ್ಡಿ ಅಂದ್ರ ನನಗ ಅಂದಂಗ ಆಗತೈತಿ."

"ಅದಕ್ಕ ಛಲೋತ್ನಾಗಿ ಕಲೀತೀನ್ರಿ."

ಅವ್ವ ಮತ್ತೆ ಮೊರ ಎತ್ತಿಕೊಂಡಳು. ಅದು ಒಪ್ಪಿಗೆಯೋ ಅಲ್ಲವೋ ನಮಗೆ ಗೊತ್ತಾಗಲಿಲ್ಲ. ಇತಿಹಾಸದ ವಿದ್ಯಾರ್ಥಿಯಾಗಿ ಹೇಳುವುದಾದರೆ, ಈ ಸಂಭಾಷಣೆಗೆ ಇರುವ ಏಕೈಕ ಆಧಾರ ವೈನಿ. ನಾನು ಆಗ ಅಂಗಳದಲ್ಲಿದ್ದೆನಂತೆ.

ಮುಂದಿನ ವಾರ, ವೈನಿಯ ಲೆಕ್ಕದಂತೆ ಎರಡನೇ ಸಲ, ಅವ್ವ ಹೊಸ ಸೀರೆ ಉಟ್ಟು ನಮಗಿಂತ ಮುಂಚೆ ಬಸ್ಸಿಗೆ ಬಂದು ನಿಂತಳು. ಕೊಪ್ಪಳದಲ್ಲಿ ಸುಬೇದಾರರು ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಅಮ್ಮಾರ, ಈಕಿ ಯಾರು?"

"ನನ್ನ ಸೊಸಿ."

"ಹೆಸರು?"

"ಯಾವುದು ಹೇಳ್ಲಿ? ನಾ ಕರಿಯೂದೋ, ಅವರಪ್ಪ ಇಟ್ಟಿದ್ದೋ?"

"ಎರಡೂ ಬೇಕ್ರಿ."

ತಾನು ಇಟ್ಟ ಹೆಸರನ್ನು ಅವ್ವ ಥಟ್ಟನೆ ಹೇಳಿದಳು. ಇನ್ನೊಂದಕ್ಕೆ ತಡವರಿಸಿದಳು. ಸೊಸೆಯನ್ನು ಆ ಹೆಸರಿನಿಂದ ಅವಳು ಒಮ್ಮೆಯೂ ಕರೆದಿರಲಿಲ್ಲ. ವೈನಿ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಕೊನೆಗೆ ಅವ್ವ ಮೇಜಿನ ಅಂಚು ಹಿಡಿದು ತನ್ನದೇ ಹೆಸರು ಹೇಳಿದಳು. ಆಮೇಲೆ, ನನ್ನ ನೆನಪಿನ ಪ್ರಕಾರ, ಹೀಗೆಂದಳು:

"ಒಬ್ಬಾಕಿಗೆ ಎರಡು ಹೆಸರು ಅದಾವು. ಒಂದು ಹೆಸರಿಗೆ ನಾವು ಇಬ್ರು ಅದೀವಿ. ಮಿಲ್ಟ್ರ್ಯಾಗ ಇರಾಂವ ಒಬ್ಬನ. ಇದ್ರಾಗ ತಿಳೀಲಾರದ್ದು ಏನೈತ್ರಿ?"

ಸುಬೇದಾರರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಠೀಕ್ ಹೈ ಮಾತಾಜಿ, ತಿಳೀತು" ಎಂದು ಶಾಯಿಯ ಡಬ್ಬಿ ಮುಂದಿಟ್ಟರು.

ವೈನಿ ಇದನ್ನು ಒಪ್ಪುವುದಿಲ್ಲ. ಅತ್ತೆ ಹೆಸರು ಹೇಳಿ ಹೆಬ್ಬೆಟ್ಟು ಒತ್ತಿದ್ದಷ್ಟೇ, ಉಳಿದದ್ದೆಲ್ಲ ಎಮ್ಮೆ ಸಾಹೇಬರು ಕಟ್ಟಿದ್ದು ಎನ್ನುತ್ತಾಳೆ. ಇರಬಹುದು. ಇಷ್ಟು ಚೆನ್ನಾಗಿ ಜೋಡಿಸಿದ ಮಾತನ್ನು ಕಚೇರಿಯಲ್ಲಿ ನಿಂತು ಯಾರೂ ಆಡುವುದಿಲ್ಲವೆಂದು ನನಗೂ ಅನ್ನಿಸುತ್ತದೆ. ಆದರೆ ಹೆಬ್ಬೆಟ್ಟು ಬಿದ್ದದ್ದರಲ್ಲಿ ತಕರಾರಿಲ್ಲ, ಸಹಾಯ ಮಂಜೂರಾದದ್ದರಲ್ಲೂ ಇಲ್ಲ. ತಿಂಗಳು ಮುಗಿಯುವ ಮುಂಚೆಯೇ ಶುಲ್ಕ ಗಂಗಾವತಿಗೆ ಹೋಯಿತು, ಹಿಂದೆಯೇ ವೈನಿ ಟ್ರಂಕು ಹಿಡಿದು ಕಾರಟಗಿಗೆ ಹೋದಳು. ಆ ವಿದ್ಯೆ ಅವಳ ಜೊತೆ ಮೂರ್ನಾಲ್ಕು ಊರು ಸುತ್ತಿತು. ಅಣ್ಣ ನಿವೃತ್ತನಾಗಿ ಬಂದ ಮೇಲೆ ಅವಳು ಕಾರಟಗಿಯ ರೈಸ್ ಮಿಲ್ಲೊಂದರ ಲೆಕ್ಕವನ್ನೆಲ್ಲ ಕಂಪ್ಯೂಟರಿನಲ್ಲಿ ನೋಡಿಕೊಂಡಳು. ಅವ್ವ ಇರುವತನಕವೂ ಮನೆಯಲ್ಲಿ ಅವಳನ್ನು ಹೊಸ ಹೆಸರಿನಿಂದಲೇ ಕರೆದಳು.

ಕೋರ್ಸಿನ ಮೊದಲ ದಿನದ ಬಗ್ಗೆಯೂ ಒಂದು ಕಥೆಯನ್ನು ನಾನು ಹೇಳುತ್ತಿದ್ದೆ. ಅದು ನನ್ನದೇ ಕೈಚಳಕವಿರಬೇಕೆಂಬ ಗುಮಾನಿ ನನಗೇ ಇತ್ತು. ಮೊನ್ನೆ ಮೊನ್ನೆ ಗಂಗಾವತಿಯಲ್ಲಿ, ಆಗ ಪಾಠ ಹೇಳುತ್ತಿದ್ದ ಮಾಸ್ತರರು ಅವರದೇ ಝೆರಾಕ್ಸ್ ಅಂಗಡಿಯಲ್ಲಿ ಸಿಕ್ಕರು. ಮಿಲಿಟರಿಯವರ ಹೆಂಡತಿ ಎಂದಕೂಡಲೇ ಅವರು ನಗತೊಡಗಿದರು.

"ಹೌದ್ರಿ, ಖರೇನ ಐತಿ. ಹಾಜರಿ ತಗೊಳ್ಳಾಕ ಎರಡೆರಡು ಸಲ ಹೆಸರು ಕೂಗಿದ್ನಿ. ಮುಂದಿನ ಬೆಂಚಿನ್ಯಾಗ ಕುಂತಿದ್ರು ನಿಮ್ಮ ವೈನಿ. ಅವರೂ ತಿರುಗಿ ಬಾಗಿಲ ಕಡೆ ನೋಡಿದ್ರು, ಯಾರು ಬಂದ್ರು ಅಂತ."

ಸಂಜೆ ವೈನಿಯನ್ನು ಕೇಳಿದೆ. "ಮತ್ತೇನು, ಅತ್ತಿ ಬಂದಾರೇನೋ ಅಂತ ಸೆರಗು ಸರಿ ಮಾಡ್ಕೊಂಡ್ನಿ" ಎಂದಳು.

ಇದೊಂದಕ್ಕೆ ಇಬ್ಬರು ಸಾಕ್ಷಿಗಳಿದ್ದಾರೆ, ಇಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸಿದ್ದೇನೆ. ಮೊದಲ ದಿನ ಮುಂದಿನ ಬೆಂಚಿನಲ್ಲೇ ಕೂತಿದ್ದ ವೈನಿಗೆ ಗೈರುಹಾಜರಿ ಬಿತ್ತು.